ಒಂದು ಹೆಲ್ಮೆಟ್ಟಿಗಾಗಿ ಒಂದು ಡಜನ್

ಅಂಗಡಿಯಲ್ಲಿ ಎರಡು ಸಾವಿರದ ಎಂಟುನೂರು ಅಂತ ಚೀಟಿ ಅಂಟಿಸಿದ್ದ ಸೈಕಲ್ ಹೆಲ್ಮೆಟ್ಟನ್ನು ನಾನು ಎರಡು ಸಾವಿರದ ನೂರಕ್ಕೆ ತಂದೆ. ಕೇಳಿದವರೆಲ್ಲ ಭಲೇ ಅಂದರು. ಆ ಏಳುನೂರು ಉಳಿಸುವುದಕ್ಕೆ ನನಗೆ ತಗುಲಿದ ಖರ್ಚೆಷ್ಟು ಅಂತ ಮಾತ್ರ ಯಾರೂ ಕೇಳಲಿಲ್ಲ, ನಾನಾಗಿ ಹೇಳಲೂ ಇಲ್ಲ. ಈಗ ಹೇಳಿಬಿಡುತ್ತೇನೆ: ಇನ್ನೂ ಹನ್ನೊಂದು ಹೆಲ್ಮೆಟ್, ಒಂದು ಅಧ್ಯಕ್ಷ ಪದವಿ, ಭಾನುವಾರದ ಬೆಳಗಿನ ನಿದ್ದೆ, ಮತ್ತು ಬಲ ಮೊಣಕೈಯಿಂದ ಅಂಗೈಯಗಲ ಚರ್ಮ.

ಚೌಕಾಸಿ ನನಗೆ ಚಟವಲ್ಲ, ಉಸಿರಾಟ. ಪೀಣ್ಯದಲ್ಲಿ ಇನ್ನೊಬ್ಬರ ಲೇತ್ ಮುಂದೆ ನಿಂತು ಕೆಲಸ ಕಲಿತು, ಆಮೇಲೆ ನನ್ನದೇ ಒಂದು ಶೆಡ್ ಮಾಡಿಕೊಂಡು ಬೋಲ್ಟು ನಟ್ಟು ಮಾಡುತ್ತಿರುವವನು ನಾನು. ಕಬ್ಬಿಣದ ಸರಳು ತರುವಾಗ ಕೆಳಗೆ ಎಳೆಯಬೇಕು, ಬೋಲ್ಟು ಮಾರುವಾಗ ಮೇಲೆ ಎಳೆಯಬೇಕು. ಈ ಎರಡು ಎಳೆತದ ನಡುವಿನ ಜಾಗದಲ್ಲೇ ನಮ್ಮ ಮನೆ ಕಟ್ಟಿರುವುದು. ಹಾಗಂತ ಸೊಪ್ಪು ಮಾರುವ ಅಜ್ಜಿಯ ಹತ್ತಿರ ಎರಡು ರೂಪಾಯಿಗೆ ಜಗ್ಗಾಡುವವನಲ್ಲ. ಅದು ಚೌಕಾಸಿಯಲ್ಲ, ಸಣ್ಣತನ. ಗಾಜಿನ ಬಾಗಿಲು, ಏಸಿ, 'ಒಂದೇ ದರ' ಅನ್ನುವ ಬೋರ್ಡು ಇವು ಮೂರೂ ಒಟ್ಟಿಗೆ ಕಂಡರೆ ಮಾತ್ರ ನನ್ನ ಮೈಯಲ್ಲಿ ರಕ್ತ ಸರಾಗವಾಗಿ ಓಡುತ್ತದೆ.

ರಕ್ತದ ಮಾತು ಬಂತು ನೋಡಿ, ಅದರಿಂದಲೇ ಎಲ್ಲ ಶುರುವಾಗಿದ್ದು. ರಕ್ತದಲ್ಲಿ ಸಕ್ಕರೆ ಇದೆ, ದಿನಾ ಮೈ ದಂಡಿಸಿ ಅಂದರು ಡಾಕ್ಟರು. ನಡಿಗೆ ನನಗೆ ಒಗ್ಗಲಿಲ್ಲ. ನಡೆಯುವವನನ್ನು ಯಾರು ಬೇಕಾದರೂ ಹಿಡಿದು ನಿಲ್ಲಿಸಿ "ಸಾರ್, ಆ ಬಿಲ್ಲು..." ಅಂತ ಶುರುಮಾಡಬಹುದು. ಅದೇ ಸಮಯಕ್ಕೆ ನಮ್ಮ ಬೀದಿಯ ಮುನಿರಾಜಣ್ಣನವರ ಬಾಡಿಗೆದಾರ ಹುಡುಗನೊಬ್ಬ ವೈಟ್‌ಫೀಲ್ಡ್ ಕಡೆ ಮನೆ ಬದಲಾಯಿಸುತ್ತಾ ತನ್ನ ರೋಡ್ ಸೈಕಲ್ ಮಾರುತ್ತಿದ್ದ. ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್ಲು, ಹೆಬ್ಬೆರಳಗಲದ ಟೈರು. ಅದರ ಮೇಲೆ ಕೂತರೆ ನೆಲದಲ್ಲಿ ಬಿದ್ದ ಚಿಲ್ಲರೆ ಹುಡುಕುತ್ತಿರುವ ಭಂಗಿ ಬರುತ್ತದೆ. ಆದರೆ ಓಡುತ್ತದೆ, ಅಬ್ಬಾ! ಬೆಳಗ್ಗೆ ಲಾರಿಗಳು ಏಳುವ ಮುಂಚೆ ಒಂದು ಸುತ್ತು ಹೊಡೆದರೆ ಆ ಹೊತ್ತಿನಲ್ಲಿ ನನ್ನನ್ನು ಹಿಡಿಯುವವರು ಈ ಲೋಕದಲ್ಲೇ ಇಲ್ಲ. ಸಕ್ಕರೆ ಇಳಿಯಿತು, ಸೊಂಟ ಇಳಿಯಿತು, ಶೆಡ್ಡಿನಲ್ಲಿ ನನ್ನ ಕೂಗಾಟವೂ ಇಳಿಯಿತಂತೆ.

ಯಂತ್ರದವನು ನಾನು, ಸೈಕಲ್ ರಿಪೇರಿಗೆ ಇನ್ನೊಬ್ಬರಿಗೆ ದುಡ್ಡು ಕೊಡುತ್ತೇನೆಯೇ? ಶೆಡ್ಡಿನಲ್ಲಿದ್ದ ದಪ್ಪ ಗ್ರೀಸನ್ನೇ ಚೈನಿಗೆ ಧಾರಾಳವಾಗಿ ಮೆತ್ತಿದೆ. ಪೀಣ್ಯದ ಗಾಳಿಯಲ್ಲಿ ಆಮ್ಲಜನಕಕ್ಕಿಂತ ಕಬ್ಬಿಣದ ಪುಡಿಯೇ ಹೆಚ್ಚು; ಅದೆಲ್ಲ ಬಂದು ಗ್ರೀಸಿಗೆ ಅಂಟಿಕೊಂಡು ಚೈನೇ ಅರದ ಕೆಲಸ ಮಾಡುತ್ತಾ ಹಲ್ಲುಚಕ್ರವನ್ನು ತಿಂದುಹಾಕಿತು. ಗ್ರೀಸು ಪುಕ್ಕಟೆ, ಹಲ್ಲುಚಕ್ರಕ್ಕೆ ಮಾತ್ರ ಪೂರ್ತಿ ಬೆಲೆ. ಅಂದಿನಿಂದ ಚೈನಿಗೆ ತೆಳು ಎಣ್ಣೆ, ಅದೂ ಹಾಕಿದ ಮೇಲೆ ಬಟ್ಟೆಯಲ್ಲಿ ಒರೆಸಿಬಿಡುವುದು.

ಇದನ್ನೆಲ್ಲ ಸುಮ್ಮನೆ ನೋಡುತ್ತಿದ್ದ ನನ್ನ ಹೆಂಡತಿ ಗಿರಿಜ ಒಂದು ದಿನ ಗೇಟಿಗೆ ಅಡ್ಡ ನಿಂತಳು. "ನೋಡ್ರೀ, ಹೆಲ್ಮೆಟ್ ಇಲ್ದೆ ಇನ್ನೊಂದು ಸಲ ಈ ಗೇಟು ದಾಟಿದ್ರೆ ಸೈಕಲ್ಲು ಗುಜರಿಗೆ. ಗುಜರಿಯವನು ದಿನಾ ಇದೇ ಬೀದೀಲಿ ಬರ್ತಾನೆ, ನಾನೇನು ಹುಡ್ಕೊಂಡು ಹೋಗ್ಬೇಕಾಗಿಲ್ಲ." ಸ್ಕೂಟರ್ ಹೆಲ್ಮೆಟ್ಟನ್ನೇ ಹಾಕಿಕೊಂಡು ಒಂದು ಸುತ್ತು ಹೋಗಿ ಬಂದೆ. ಒಳಗೆ ತಲೆ ಇಡ್ಲಿಯ ಹಾಗೆ ಬೆಂದಿತ್ತು.

ಹೀಗೆ ನಾನು ನಾಗಸಂದ್ರದ ಸೈಕಲ್ ಅಂಗಡಿಯ ಗಾಜಿನ ಬಾಗಿಲು ತಳ್ಳಿದ್ದು. ಗಲ್ಲಾದಲ್ಲಿ ಕೂತಿದ್ದವರು ಅಂಗಡಿಯ ಒಡತಿ ಶ್ವೇತಾ, ಮೂವತ್ತರ ಆಸುಪಾಸಿನ ಹೆಣ್ಣುಮಗಳು. ತಲೆಯ ಮೇಲೆ 'ಒಂದೇ ದರ' ಬೋರ್ಡು. ನನ್ನ ಮೈ ಜುಮ್ಮೆಂದಿತು.

"ಲಾಸ್ಟ್ ಎಷ್ಟಕ್ಕೆ ಕೊಡ್ತೀರಾ ಮೇಡಂ?"

"ಫಸ್ಟೂ ಅದೇ, ಲಾಸ್ಟೂ ಅದೇ ಸಾರ್."

"ಕ್ಯಾಶ್ ಕೊಡ್ತೀನಿ."

"ಫೋನಲ್ಲಿ ಕೊಟ್ರೂ ಅಷ್ಟೇ ಆಗುತ್ತೆ."

ಆಗ ನಾನು ನನ್ನ ಹಳೆಯ ಆಯುಧ ತೆಗೆದೆ, ಅಂದರೆ ಎದ್ದು ಹೊರಟೆ. ಎಂಥಾ ವ್ಯಾಪಾರಿಯೂ ನಾನು ಬಾಗಿಲು ಮುಟ್ಟುವ ಮೊದಲೇ "ಬನ್ನಿ ಸಾರ್, ಕೋಪ ಯಾಕೆ" ಅನ್ನಬೇಕು. ಬಾಗಿಲು ಬಂತು. ಮೆಟ್ಟಿಲು ಬಂತು. ಫುಟ್‌ಪಾತೂ ಬಂತು. ಯಾರೂ ಕರೆಯಲಿಲ್ಲ. ತಿರುಗಿ ನೋಡಿದರೆ ಆಕೆ ಯಾವುದೋ ಟೈರಿಗೆ ಗಾಳಿ ಹಾಕುತ್ತಿದ್ದಾರೆ. ವಾಪಸ್ ಹೋಗಿ, "ಪೆನ್ನು ಮರೆತಿದ್ದೆ" ಅಂದೆ.

"ಜೇಬಲ್ಲೇ ಇದೆ ಸಾರ್," ಅಂದರು ಆಕೆ, ತಲೆ ಎತ್ತದೆ.

ಇಂಥ ಎದುರಾಳಿ ಸಿಕ್ಕಿ ಎಷ್ಟು ಕಾಲವಾಗಿತ್ತು! ಬರಿಗೈಯಲ್ಲಿ ಹೋಗುವುದಿಲ್ಲ ಅಂತ ತೀರ್ಮಾನಿಸಿಬಿಟ್ಟೆ. "ಸರಿ ಮೇಡಂ, ಬಲ್ಕಲ್ಲಿ ತಗೊಂಡ್ರೆ?" ಆಕೆ ಈಗ ಪಂಪು ನಿಲ್ಲಿಸಿದರು. "ಡಜನ್ ತಗೊಂಡ್ರೆ ಎರಡು ಸಾವಿರದ ನೂರು. ಒಂದೇ ಬಣ್ಣ, ಒಂದೇ ಸೈಜು, ಮೀಡಿಯಂ. ಆದ್ರೆ ಸಾರ್, ಹನ್ನೆರಡು ತಲೆ ಒಂದೇ ಸೈಜಿರುತ್ತಾ?"

"ಪೀಣ್ಯದಲ್ಲಿ ಎಲ್ಲಾ ಸ್ಟ್ಯಾಂಡರ್ಡ್ ಸೈಜೇ ಮೇಡಂ," ಅಂದೆ. ಬೋಲ್ಟು ಮಾರುವವನ ಬಾಯಿ.

ಗೆದ್ದವನ ಹಾಗೆ ಶೆಡ್ಡಿಗೆ ಬಂದು, ಹನ್ನೊಂದು ಹೆಲ್ಮೆಟ್ಟನ್ನು ಏನು ಮಾಡುವುದು ಅಂತ ಯೋಚನೆಗೆ ಕೂತೆ. ಪಕ್ಕದ ಶೆಡ್ಡಿನಲ್ಲಿ ಬಣ್ಣದ ಕೋಟಿಂಗ್ ಕೆಲಸ ಮಾಡಿಸುವ ಗದಗಿನ ಕಡೆಯ ಶಿವಲಿಂಗಪ್ಪನವರಿಂದ ಆರಂಭ ಮಾಡಿದೆ. "ನನ್ನ ಹಂತ್ಯಾಕ ಸೈಕಲ್ಲ ಇಲ್ಲಲ್ರೀ," ಅಂದರು ಅವರು. ಹೆಲ್ಮೆಟ್ ಮೊದಲು ತಗೊಳ್ಳಿ, ಸೈಕಲ್ ತಾನಾಗಿ ಬರುತ್ತೆ ಅಂದೆ. "ಅಂದ್ರ ಬಾಸಿಂಗ ಕಟ್ಕೊಂಡು ಹೆಣ್ಣು ನೋಡಾಕ ಹೋದಂಗಾತು," ಅಂತ ನಕ್ಕರೂ ತಗೊಂಡರು. ಮುನಿರಾಜಣ್ಣನವರು ಈ ಊರಿನ ಮೂಲನಿವಾಸಿ. ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಬಾಡಿಗೆ ಮನೆಗಳು ಎದ್ದಿವೆ, ಹಳೆಯ ತೋಟದ ಒಂದೇ ಒಂದು ತೆಂಗಿನಮರ ಪಾರ್ಕಿಂಗಿನ ಮಧ್ಯೆ ಉಳಿದಿದೆ. ಅವರ ತಲೆಯೂ ಆಸ್ತಿಗೆ ತಕ್ಕ ಹಾಗೆ ವಿಶಾಲ. ಹೆಲ್ಮೆಟ್ ಇಟ್ಟು ನೋಡಿಕೊಂಡು, "ಇದೇನ್ ಸಾಮಿ, ಗಡಿಗೆ ಮ್ಯಾಲೆ ಚಿಪ್ಪು ಮುಚ್ಚಿದಂಗೈತೆ," ಅಂದರು. "ಅಂಗೇ ಕೂರುತ್ತೆ ಅಣ್ಣ, ಪಟ್ಟಿ ಬಿಗಿ ಮಾಡಿ," ಅಂದೆ. "ಓಗ್ಲಿ ಬುಡಿ, ತೆಂಗಿನಮರದ ಕೆಳಗಿಂದ ಕಾರ್ ತೆಗೆಯೋವಾಗ ಆಕ್ಕೊಂತೀನಿ," ಅಂತ ದುಡ್ಡು ಎಣಿಸಿದರು.

ಉಳಿದವರು ಸುಲಭಕ್ಕೆ ಬಗ್ಗಲಿಲ್ಲ. ಬರೀ ಹೆಲ್ಮೆಟ್ ಮಾರಲು ಬಂದಿದ್ದೀರಾ ಅಂತ ಒಬ್ಬರು ಮುಖಕ್ಕೇ ಕೇಳಿದರು. ಇಲ್ಲಪ್ಪ, ಇದು ಸೈಕಲ್ ಬಳಗ, ಭಾನುವಾರ ಭಾನುವಾರ ಸವಾರಿ ಇರುತ್ತೆ ಅಂದೆ. ಅಧ್ಯಕ್ಷರು ಯಾರು ಅಂದರು. ಅಕ್ಕಪಕ್ಕ ನೋಡಿದೆ, ನನ್ನನ್ನು ಬಿಟ್ಟು ಯಾರೂ ಇರಲಿಲ್ಲ.

ಹೀಗೆ ಬಳಗ ಹುಟ್ಟಿತು. ಎರವಲು ಸೈಕಲ್ಲು, ಮಕ್ಕಳ ಸೈಕಲ್ಲು, ಹಾಲಿನ ಕ್ಯಾನಿನ ಕೊಕ್ಕೆ ಇನ್ನೂ ಬಿಚ್ಚದ ಸೈಕಲ್ಲು, ಎಲ್ಲದರ ಮೇಲೂ ಒಂದೇ ಕೆಂಪು ಹೆಲ್ಮೆಟ್. ಟೀ ಅಂಗಡಿಯವನು ನಮ್ಮನ್ನು ನೋಡಿ, "ಯಾವ ಫ್ಯಾಕ್ಟ್ರಿ ಸಾರ್? ಸ್ಟ್ರೈಕಾ?" ಅಂತ ಕೇಳಿದ. ಅಧ್ಯಕ್ಷನಾದ ಮೇಲೆ ಬಿಟ್ಟೇನೆ? ಹೊರಡುವ ಮುಂಚೆ ಪ್ರತಿ ವಾರ ಭಾಷಣ ಮಾಡುತ್ತಿದ್ದೆ. ಬ್ರೇಕ್ ಹಿಡಿದು ನೋಡಿ, ಟೈರು ಹಿಚುಕಿ ನೋಡಿ, ಹಿಂದೆ ಕೆಂಪು ದೀಪ ಇರಲಿ, ಗಲ್ಲದ ಪಟ್ಟಿಯೊಳಗೆ ಎರಡು ಬೆರಳು ಮಾತ್ರ ಹೋಗಬೇಕು. ಭಾಷಣ ಸಾಕಾಗದಿದ್ದರೆ ಓಡಿಸುತ್ತಲೇ ಮುಂದುವರಿಸುತ್ತಿದ್ದೆ.

ಒಂದು ಭಾನುವಾರ ಸರ್ವಿಸ್ ರಸ್ತೆಯಲ್ಲಿ ನಾನು ಎಲ್ಲರಿಗಿಂತ ಮುಂದೆ, ಮುನಿರಾಜಣ್ಣ ಎಲ್ಲರಿಗಿಂತ ಹಿಂದೆ. ಅವರಿಗೆ ಒಂದು ಅಭ್ಯಾಸ. ದಾರಿಯುದ್ದಕ್ಕೂ 'ಮನೆ ಬಾಡಿಗೆಗಿದೆ' ಬೋರ್ಡುಗಳನ್ನು ಓದುತ್ತಾ, ಬೇರೆಯವರು ಎಷ್ಟು ಹೇಳುತ್ತಿದ್ದಾರೆ ಅಂತ ತಿಳಿದುಕೊಳ್ಳುವುದು. ಸೈಕಲ್ಲು ಅತ್ತ, ಕಣ್ಣು ಇತ್ತ. ನನಗೆ ತಡೆಯಲಾಗಲಿಲ್ಲ. ಪೂರ್ತಿ ಹಿಂದಕ್ಕೆ ತಿರುಗಿ ಕೂಗಿದೆ: "ಮುನಿರಾಜಣ್ಣ, ಮುಂದೆ ನೋಡ್ಕೊಂಡು ಓಡ್ಸಿ!"

ನನ್ನ ಮುಂದೆ ಚರಂಡಿಯ ಕಬ್ಬಿಣದ ಜಾಲರಿ ಇತ್ತು. ಸರಳುಗಳು ರಸ್ತೆಯ ಉದ್ದಕ್ಕೇ, ನಡುವಿನ ಸಂದು ನನ್ನ ಟೈರಿಗೆ ಅಳತೆ ಕೊಟ್ಟು ಮಾಡಿಸಿದ ಹಾಗೆ. ಚಕ್ರ ಒಳಗೆ ಹೋಯಿತು, ಸೈಕಲ್ ನಿಂತಿತು, ನಾನು ಮಾತ್ರ ನಿಲ್ಲಲಿಲ್ಲ. ಮೊದಲು ತಲೆ, ಆಮೇಲೆ ಮೊಣಕೈ, ಕೊನೆಗೆ ಅಧ್ಯಕ್ಷ ಪದವಿ ನೆಲಕ್ಕೆ ಬಿತ್ತು. ತೆಂಗಿನಕಾಯಿ ಒಡೆದಂಥ ಶಬ್ದವೊಂದು ಕಿವಿಯ ಪಕ್ಕದಲ್ಲೇ ಕೇಳಿಸಿತು.

ಕಣ್ಣು ಬಿಟ್ಟಾಗ ಸುತ್ತಲೂ ಕೆಂಪು ಹೆಲ್ಮೆಟ್ಟುಗಳು, ಅವುಗಳ ನಡುವೆ ಒಬ್ಬ ಆಟೋದವನ ಮುಖ. ಕ್ಲಿನಿಕ್ಕಿಗೆ ಇನ್ನೂರೈವತ್ತು ಆಗುತ್ತೆ ಅನ್ನುತ್ತಿದ್ದ. ಮಲಗಿದಲ್ಲಿಂದಲೇ ನನ್ನ ಬಾಯಿ ತಾನಾಗಿ ತೆರೆದುಕೊಂಡಿತು. "ಇಲ್ಲಿಂದ್ಲೇ ಕ್ಲಿನಿಕ್ ಬೋರ್ಡು ಕಾಣಿಸ್ತಿದೆ, ಇನ್ನೂರೈವತ್ತಾ? ಮೀಟ್ರು ಹಾಕಪ್ಪ." ಅಷ್ಟರಲ್ಲಿ ಶಿವಲಿಂಗಪ್ಪನವರು ಗಿರಿಜಳಿಗೆ ಫೋನು ಮಾಡಿ ಸ್ಪೀಕರ್ ಹಾಕಿದ್ದರು. "ಅಕ್ಕಾರ, ಗಾಬರಿ ಆಗಬ್ಯಾಡ್ರಿ. ಸಾಹೇಬ್ರು ಬಿದ್ದಾರ್ರಿ. ತಲಿ ಬಡದೈತಿ. ಎಚ್ಚರ ಅದಾರ್ರಿ... ಏನ್ ಮಾಡಾಕತ್ತಾರಂದ್ರ, ಆಟೋದವನ ಜೋಡಿ ರೇಟು ಮಾಡಾಕತ್ತಾರ್ರಿ." ಆ ಕಡೆಯಿಂದ ಉದ್ದನೆಯ ಉಸಿರು. ಆಮೇಲೆ, "ಹಾಗಾದ್ರೆ ತಲೆಗೇನೂ ಆಗಿಲ್ಲ ಬಿಡಿ."

ಡಾಕ್ಟರೂ ಕಣ್ಣಿಗೆ ಟಾರ್ಚು ಬಿಟ್ಟು, ಇವತ್ತು ಯಾವ ವಾರ ಅಂತ ಕೇಳಿ, ಅದನ್ನೇ ಹೇಳಿದರು. ಮನೆಗೆ ಬಂದ ಮೇಲೆ ಗಿರಿಜ ನನ್ನನ್ನು ಬಿಟ್ಟು ಹೆಲ್ಮೆಟ್ಟನ್ನು ಕೈಗೆತ್ತಿಕೊಂಡಳು. ಒಳಗಿನ ಥರ್ಮಕೋಲಿನಂಥ ಭಾಗ ಹಣೆಯಿಂದ ಕಿವಿಯವರೆಗೆ ಬಿರಿದಿತ್ತು. ಆ ಬಿರುಕಿನಲ್ಲಿ ಬೆರಳಿಟ್ಟು ನಿಧಾನವಾಗಿ ಎಳೆದು ನೋಡಿದಳು.

"ಎಷ್ಟಕ್ಕೆ ತಂದ್ರಿ ಇದನ್ನ?"

"ಎರಡು ಸಾವಿರದ ನೂರು."

"ಅಷ್ಟೇನಾ?" ಅಂದಳು. ಮದುವೆಯಾದ ಮೇಲೆ ನಾನು ತಂದ ವಸ್ತುವೊಂದರ ಬೆಲೆ ಕೇಳಿ ಅವಳು ಹಾಗಂದದ್ದು ಅದೇ ಮೊದಲು. ಆಮೇಲೆ ತೀರ್ಪು ಬಂತು. ಹೊಸ ಹೆಲ್ಮೆಟ್ ಬರುವವರೆಗೆ ಸೈಕಲ್ಲು ಅಟ್ಟದ ಮೇಲೆ. ವಾರದೊಳಗೆ ಬರದಿದ್ದರೆ ಗುಜರಿಗೆ. ಇದನ್ನೇ ಅಂಟು ಹಾಕಿ ಕೂರಿಸ್ತೀನಿ ಅಂದೆ. "ಹಾಕಿ. ಜೊತೆಗೆ ತಲೆಗೂ ಸ್ವಲ್ಪ ಅಂಟು ತಂದಿಟ್ಕೊಳ್ಳಿ," ಅಂದಳು.

ಮುನಿರಾಜಣ್ಣನ ಹೆಲ್ಮೆಟ್ ಹೇಗೂ ಅವರಿಗೆ ಕೂರುವುದಿಲ್ಲ, ವಾಪಸ್ ಕೊಡಿ ಅಂತ ಕೇಳಿದೆ. "ಕೊಡಾನ, ಮೂರ್ ಸಾವ್ರ," ಅಂದರು. ಎರಡು ಸಾವಿರದ ನೂರಕ್ಕೆ ನಾನೇ ಕೊಟ್ಟಿದ್ದಲ್ಲವಾ ಅಂದರೆ, "ಆವತ್ತು ನಿಮ್ಗೆ ಮಾರೋ ಅರ್ಜೆಂಟಿತ್ತು, ಇವತ್ತು ತಗೊಳ್ಳೋ ಅರ್ಜೆಂಟೈತೆ. ಬಾಡ್ಗೆನೂ ನಾವ್ ಇಂಗೇ ಅಲ್ವಾ ಯೋಳೋದು?" ಇಷ್ಟು ಹೇಳಿ ಅವರು ಆ ಹೆಲ್ಮೆಟ್ಟನ್ನು ತಲೆಯ ಮೇಲಿಟ್ಟುಕೊಂಡು ಮಗನ ಸೈಕಲ್ ಹತ್ತಿ ಹೊರಟರು. ಹಿಂದಿನಿಂದ ನೋಡುತ್ತಾ ನಿಂತೆ. ಹೆಲ್ಮೆಟ್ಟು ನೆತ್ತಿಯ ಮೇಲೆ ಅಲ್ಲಾಡುತ್ತಿತ್ತು. ಅವತ್ತು ಜಾಲರಿಗೆ ಬಿದ್ದವರು ಅವರಾಗಿದ್ದರೆ ಅನ್ನುವ ಯೋಚನೆ ಬಂತು.

ಒಡೆದ ಹೆಲ್ಮೆಟ್ ಹಿಡಿದು ಶ್ವೇತಾ ಅವರ ಅಂಗಡಿಗೆ ಹೋದೆ. ಎಕ್ಸ್‌ಚೇಂಜ್ ಇದೆಯಾ ಅಂತಲೇ ಮಾತು ತೆಗೆದೆ, ಸ್ವಭಾವ ಬಿಡಬೇಕಲ್ಲ. "ಒಂದು ಸಲ ಏಟು ತಿಂದ ಮೇಲೆ ಇದರ ಕೆಲಸ ಮುಗೀತು ಸಾರ್, ಬೆಲೆ ಇಲ್ಲ," ಅಂದರು. "ಬೆಲೆ ಇಲ್ವಾ? ಮುಂದಿನ ಗಾಜಿನಲ್ಲಿ ನೇತುಹಾಕಿ. ಇದನ್ನ ನೋಡಿದ ಯಾವ ಗಿರಾಕಿಯೂ ರೇಟು ಜಗ್ಗಲ್ಲ, ನನ್ನಂಥವನೂ ಕೂಡ." ಆಕೆ ಬಿರುಕನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ ಸೋತ ದನಿಯಲ್ಲಿ, "ಸರಿ, ಏನು ಕಡಿಮೆ ಮಾಡ್ಲಿ ಹೇಳಿ," ಅಂದರು. ಎಷ್ಟು ದಿನದಿಂದ ಕಾದಿದ್ದ ಮಾತು! ಬಾಯಲ್ಲಿ ನೀರೂರಿತು. ಆದರೆ ಹೊರಬಿದ್ದದ್ದು ಬೇರೆ: "ನನಗೇನೂ ಬೇಡ. ನಮ್ಮ ಬಳಗದಲ್ಲಿ ದೊಡ್ಡ ತಲೆಯವರೊಬ್ಬರಿದ್ದಾರೆ. ಅವರ ಮೀಡಿಯಂ ವಾಪಸ್ ತಗೊಂಡು ಲಾರ್ಜ್ ಕೊಡಿ, ಮೇಲೆ ಒಂದು ಪೈಸೆ ಕೇಳಬಾರದು." ಒಪ್ಪಿದರು. ನನ್ನದಕ್ಕೆ ಎರಡು ಸಾವಿರದ ಎಂಟುನೂರು ಎಣಿಸಿ ಕೊಟ್ಟು ಬಂದೆ. ಮುನಿರಾಜಣ್ಣ ಲಾರ್ಜ್ ಹಾಕಿಕೊಂಡು ಕನ್ನಡಿ ನೋಡಿ, "ಅಳೇದನ್ನ ಕೊಡ್ಲೇಬೇಕಾ? ತೆಂಗಿನಮರಕ್ಕೆ ಇಟ್ಕೊಳಾನ ಅಂತಿದ್ದೆ," ಅಂದರು.

ಮನೆಯಲ್ಲಿ ಗಿರಿಜ ಹೊಸ ಹೆಲ್ಮೆಟ್ಟನ್ನು ನೋಡಿ ಸಮಾಧಾನಪಟ್ಟಳು. ಎಷ್ಟಾಯಿತು ಅಂದಳು. ಇದ್ದದ್ದನ್ನು ಹೇಳಿದೆ. "ಚೀಟೀಲಿ ಎಷ್ಟಿತ್ತು?" ಅಷ್ಟೇ ಇತ್ತು ಅಂದೆ. ಅವಳ ಮುಖ ಬಿಳಿಚಿಕೊಂಡಿತು. ಹಣೆ ಮುಟ್ಟಿ ನೋಡಿ, "ಚಪ್ಪಲಿ ಹಾಕ್ಕೊಳ್ಳಿ. ಇನ್ನೊಂದು ಸಲ ಡಾಕ್ಟ್ರಿಗೆ ತೋರ್ಸೋಣ," ಅಂದಳು. ತೋರಿಸಿಕೊಂಡು ಬಂದೆವು.

ಆದ್ದರಿಂದ ನೀವು ಸೈಕಲ್ ಹತ್ತುವವರಾದರೆ ನನ್ನಿಂದ ಇಷ್ಟು ಪುಕ್ಕಟೆಯಾಗಿ ತಗೊಳ್ಳಿ. ಚೌಕಾಸಿ ಖಂಡಿತ ಮಾಡಿ. ಬೆಲ್ಲು, ದೀಪ, ನೀರಿನ ಬಾಟಲಿಯ ಸ್ಟ್ಯಾಂಡು, ಸರ್ವಿಸ್ ಕೂಲಿ, ಎಲ್ಲದರಲ್ಲೂ ಜಾಗ ಇದೆ. ಹೆಲ್ಮೆಟ್ಟನ್ನು ಮಾತ್ರ ನಿಮ್ಮ ತಲೆಯ ಅಳತೆಗೆ ತಗೊಳ್ಳಿ, ರೇಟಿನ ಅಳತೆಗಲ್ಲ. ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ತಲೆ ಅಲ್ಲಾಡಿಸಿದರೆ ಜೊತೆಯಲ್ಲೇ ಅಲ್ಲಾಡಬೇಕು. ಏಟು ತಿಂದ ಹೆಲ್ಮೆಟ್ಟಿಗೆ ಕೈಮುಗಿದು ಇನ್ನೊಂದು ತನ್ನಿ. ಚರಂಡಿ ಜಾಲರಿ ಕಂಡರೆ ಸುತ್ತಿ ಹೋಗಿ, ಸುತ್ತಲು ಜಾಗವಿಲ್ಲದಿದ್ದರೆ ಇಳಿದು ತಳ್ಳಿ. ಅದರಲ್ಲಿ ಅವಮಾನವೇನಿಲ್ಲ, ಇದ್ದರೂ ಅದು ಬ್ಯಾಂಡೇಜಿಗಿಂತ ಸಸ್ತಾ. ಮತ್ತು ಹಿಂದೆ ಬರುವವರಿಗೆ ಬುದ್ಧಿ ಹೇಳಲೇಬೇಕು ಅನಿಸಿದರೆ ಮೊದಲು ಬ್ರೇಕ್ ಹಿಡಿದು, ರಸ್ತೆ ಪಕ್ಕಕ್ಕೆ ಬಂದು, ಎರಡೂ ಕಾಲು ನೆಲಕ್ಕೂರಿ ಆಮೇಲೆ ಬಾಯಿ ತೆರೆಯಿರಿ. ಇಷ್ಟನ್ನೂ ನಾನು ನಿಮಗೆ ಕುರ್ಚಿಯಲ್ಲಿ ಕೂತು ಹೇಳುತ್ತಿದ್ದೇನೆ, ಗಮನಿಸಿ.