ಹನೂರು ರಸ್ತೆಯಲ್ಲಿ ಕಸ ಸುರಿಯಕೂಡದು

ಕೊಳ್ಳೇಗಾಲ ತಾಲ್ಲೂಕಿನ ಹಿತ್ತಿಲುಗಳನ್ನು ನಮ್ಮ ಚಿಕ್ಕಪ್ಪನಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ. ಕಳ್ಳರನ್ನು ಬಿಟ್ಟು ಹೇಳುತ್ತಿದ್ದೇನೆ! ಯಾರ ಮನೆಗೆ ಹೋದರೂ ಜಗಲಿಯ ಮೇಲೆ ಕೂರುವ ಅಭ್ಯಾಸ ಅವರಿಗಿರಲಿಲ್ಲ. ‘ಬನ್ನಿ ಸಾ, ಕೂತ್ಕಳಿ’ ಎಂದು ಮನೆಯವರು ಚಾಪೆ ಬಿಡಿಸುವಷ್ಟರಲ್ಲಿ ಇವರು ಓಣಿ ಬಳಸಿ ಹಿಂದಕ್ಕೆ ಹೋಗಿ, ತಿಪ್ಪೆಯ ಮುಂದೆ ಕೈಕಟ್ಟಿ ನಿಂತು, ಕಣ್ಣು ಮುಚ್ಚಿ, ಉಸಿರು ಎಳೆದುಕೊಳ್ಳುತ್ತಿದ್ದರು. ದೂರದಿಂದ ನೋಡಿದವರಿಗೆ ದೇವರ ಮುಂದೆ ನಿಂತ ಭಕ್ತನೇ. ಹತ್ತಿರ ಹೋದರೆ ಮೂಗಿನ ಹೊಳ್ಳೆ ಅರಳಿರುವುದು ಕಾಣುತ್ತಿತ್ತು.

ಚಿಕ್ಕಪ್ಪ ನಮ್ಮೂರಿನ ಹೆಲ್ತ್ ಇನ್ಸ್‌ಪೆಕ್ಟರು. ಊರು ಆಗಷ್ಟೇ ಕೊಯಮತ್ತೂರು ಜಿಲ್ಲೆಯಿಂದ ಬಿಡಿಸಿಕೊಂಡು ಮೈಸೂರಿಗೆ ಸೇರಿತ್ತು. ಸರ್ಕಾರ ಬದಲಾಯಿತು, ಕಚೇರಿಯ ಬೋರ್ಡು ಬದಲಾಯಿತು, ಕಸ ಮಾತ್ರ ಬದಲಾಗಲಿಲ್ಲ. ಊರಿನ ಕಸವನ್ನು ಗಾಡಿಯಲ್ಲಿ ಸಾಗಿಸಿ, ಊರಾಚೆ ಗುಂಡಿ ತೋಡಿ, ಒಂದು ಪದರ ಕಸ ಒಂದು ಪದರ ಮಣ್ಣು ಹಾಕಿ ಮುಚ್ಚುವ ಕೆಲಸವನ್ನು ವರ್ಷಕ್ಕೊಮ್ಮೆ ಕಂಟ್ರಾಕ್ಟಿಗೆ ಕೊಡುತ್ತಿದ್ದರು. ಟೆಂಡರು ಹಾಕಿದವರಲ್ಲಿ ಯಾರು ಯೋಗ್ಯರು, ಯಾರು ಅಯೋಗ್ಯರು ಎಂದು ವಿಚಾರಿಸಿ ಹೇಳುವುದು ಚಿಕ್ಕಪ್ಪನ ಪಾಲಿಗೆ ಬಂದ ಕೆಲಸ. ವಿಚಾರಿಸುವುದಕ್ಕೆ ಕಚೇರಿಯದೇ ಒಂದು ಕ್ರಮವಿತ್ತು. ಹಿಂದೆ ಎಲ್ಲಿ ಕೆಲಸ ಮಾಡಿದ್ದಾರೆ, ಯಾರು ಸರ್ಟಿಫಿಕೇಟ್ ಕೊಟ್ಟಿದ್ದಾರೆ ಎಂದು ನೋಡಿದರೆ ಮುಗಿಯಿತು. ಚಿಕ್ಕಪ್ಪ ಆ ಸರ್ಟಿಫಿಕೇಟುಗಳನ್ನು ಮುಟ್ಟುತ್ತಲೂ ಇರಲಿಲ್ಲ.

“ಕಾಗ್ದ ನಾರಾಕಿಲ್ಲ ಕಣವ್ವಾ” ಎನ್ನುತ್ತಿದ್ದರು ನನಗೆ. “ಮನ್ಸನ್ ಯೋಗ್ತೆ ನೋಡ್ಬೇಕು ಅಂದ್ರೆ ಅವ್ನ್ ಇತ್ಲು ನೋಡ್ಬೇಕು. ತನ್ ಇತ್ಲು ಮುಚ್ದೇ ಇರೋನು ಊರ್ ಕಸ ಮುಚ್ತಾನಾ?”

ನಾನಾಗ ಯಳಂದೂರಿನ ಸ್ಕೂಲಿನಲ್ಲಿ ಹೊಸದಾಗಿ ಸೇರಿದ ಟೀಚರು. ಶನಿವಾರ ಮಧ್ಯಾಹ್ನದ ಬಸ್ಸು ಹತ್ತಿ ಊರಿಗೆ ಬರುತ್ತಿದ್ದೆ. ಬಂದವಳು ಮನೆಗಿಂತ ಮುಂಚೆ ಚಿಕ್ಕಮ್ಮನ ಅಡುಗೆಮನೆಗೆ ನುಗ್ಗುತ್ತಿದ್ದೆ. ಅವರ ಹುರುಳಿ ಬಸ್ಸಾರಿನ ರುಚಿಯನ್ನು ನಾನು ಇವತ್ತಿಗೂ ಯಾರ ಕೈಯಲ್ಲೂ ಕಂಡಿಲ್ಲ. ಚಿಕ್ಕಮ್ಮ ಹನೂರಿನವರು. ಮಕ್ಕಳಿರಲಿಲ್ಲ. ನನ್ನ ತಲೆಗೆ ಎಣ್ಣೆ ಹಾಕುತ್ತ, ಬಾಯಿ ತುಂಬ ಮಾತಾಡುತ್ತ, ನಡುನಡುವೆ ಬಾಗಿಲ ಕಡೆ ನೋಡುತ್ತಿದ್ದರು. ಬಾಗಿಲಲ್ಲಿ ಚಿಕ್ಕಪ್ಪ ಯಾವತ್ತೂ ಇರುತ್ತಿರಲಿಲ್ಲ. ಅವರು ಯಾವುದಾದರೂ ಗುಂಡಿಯ ಪಕ್ಕದಲ್ಲಿರುತ್ತಿದ್ದರು.

ಒಂದು ದಿನ ಚಿಕ್ಕಮ್ಮ ಟ್ರಂಕು ಹಿಡಿದು ಹನೂರಿನ ಬಸ್ಸು ಹತ್ತಿಬಿಟ್ಟರು. ಸುದ್ದಿ ತಿಳಿದು ಚಿಕ್ಕಪ್ಪ ಗುಂಡಿಯ ಹತ್ತಿರದಿಂದ ಕೆಸರುಗಾಲಿನಲ್ಲೇ ಸೈಕಲ್ ತುಳಿದುಕೊಂಡು ಬಂದರು. ಬಸ್ಸು ಹೊರಟಿತ್ತು. ಚಿಕ್ಕಮ್ಮ ಕಿಟಕಿಯಿಂದ ತಲೆ ಹೊರಗೆ ಹಾಕಿ ಏನೋ ಕೂಗಿ ಹೇಳಿದರು. ಡ್ರೈವರು ಅದೇ ಗಳಿಗೆಗೆ ಹಾರನ್ ಒತ್ತಬೇಕೇ? ಚಿಕ್ಕಪ್ಪನ ಕಿವಿಗೆ ಬಿದ್ದದ್ದು ಎರಡೇ ಎರಡು ಮಾತು: “ನಿಮ್ ವಾಸ್ನೆ...”

ಮಿಕ್ಕದ್ದನ್ನು ಹಾರನ್ ನುಂಗಿತು. ನುಂಗಿದ್ದನ್ನು ಚಿಕ್ಕಪ್ಪ ತಾವೇ ತುಂಬಿಕೊಂಡರು. ‘ನಿಮ್ಮ ವಾಸನೆ ತಡೆಯಲಾರೆ’ ಎಂದಲ್ಲದೆ ಕಸದ ಇನ್ಸ್‌ಪೆಕ್ಟರ ಹೆಂಡತಿ ಇನ್ನೇನು ಹೇಳಿಯಾಳು? ಮನೆಗೆ ಬಂದು ಅಂಗಿ ಮೂಸಿ ನೋಡಿಕೊಂಡರು. ಸೀಗೆಕಾಯಿ ಸಾಲದೆಂದು ಬೇವಿನ ಸೊಪ್ಪಿನಲ್ಲಿ ಮೈ ಉಜ್ಜಿಕೊಂಡರು. ನಮ್ಮ ಮನೆಗೆ ಬಂದು, ದೂರದಲ್ಲೇ ನಿಂತು, ನಮ್ಮಮ್ಮನನ್ನು ಕೇಳಿದರು: “ಅತ್ಗೆ, ನಿಜ ಏಳಿ. ನಾನ್ ನಾರ್ತೀನಾ?”

ನಮ್ಮಮ್ಮ ಮಹಾ ಸತ್ಯವಂತೆ. “ಒಸಿ” ಎಂದಳು.

ಆವತ್ತು ಚಿಕ್ಕಪ್ಪ ಒಂದು ತೀರ್ಮಾನಕ್ಕೆ ಬಂದರು. ಕೆಲಸ ಬಿಡುವಂತಿಲ್ಲ. ತಾವೊಬ್ಬರು ಮೈ ತೊಳೆದುಕೊಂಡರೆ ಸಾಲದು, ಊರೇ ನಾರುತ್ತಿದೆ. ಊರಿನ ನಾತ ಹೋದ ದಿನ ಹೆಂಡತಿಯನ್ನು ಕರೆಯಬಹುದು, ಅಲ್ಲಿಯವರೆಗೆ ಯಾವ ಮುಖ ಹೊತ್ತು ಹನೂರಿಗೆ ಹೋಗುವುದು? ನಮ್ಮಪ್ಪ ತಾವೇ ಕರೆಯಲು ಹೋದರು. ಚಿಕ್ಕಮ್ಮ ಕಾಫಿ ಕೊಟ್ಟು, “ಅವ್ರ್ ಬಂದ್ ಕರೀಲಿ ಬಾವ” ಎಂದು ಕಳಿಸಿದರು. ಹೀಗೆ ಇಬ್ಬರ ನಡುವೆ ಒಂದು ಊರಿನ ಕಸ ಕೂತಿತು. ಕಂಟ್ರಾಕ್ಟರುಗಳ ಗ್ರಹಚಾರ ಶುರುವಾದದ್ದು ಅಲ್ಲಿಂದ.

ಮೊದಲು ಸಿಕ್ಕಿಬಿದ್ದವರು ಧನಗೆರೆಯವರು. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಗಂಡಿನ ಮನೆಯ ತಿಪ್ಪೆ ನೋಡುವುದುಂಟು. ತಿಪ್ಪೆ ದೊಡ್ಡದಿದ್ದರೆ ದನಕರು ಬೇಕಾದಷ್ಟಿವೆ, ಹುಡುಗಿ ಹಾಲು ಮೊಸರು ಕಾಣುತ್ತಾಳೆ ಎಂದು ಲೆಕ್ಕ. ಧನಗೆರೆಯ ಮನೆಯಲ್ಲಿ ಟೆಂಡರು ಹಾಕಿದ್ದವನು ಹಿರಿಯ ಮಗ. ಅವನು ಅವತ್ತು ಊರಲ್ಲಿರಲಿಲ್ಲ. ಮನೆಯಲ್ಲಿದ್ದ ಯಜಮಾನರಿಗೆ ಟೆಂಡರಿನ ವಿಷಯವೇ ಗೊತ್ತಿಲ್ಲ. ಯಾರೋ ಬಿಳಿ ಪಂಚೆಯ ದೊಡ್ಡ ಮನುಷ್ಯರು ನೇರವಾಗಿ ತಿಪ್ಪೆಯ ಹತ್ತಿರ ಹೋಗಿ, ಸುತ್ತು ಬಂದು, ಕೋಲಿನಿಂದ ಕೆದಕಿ, “ದನ ಎಷ್ಟವೆ? ಮನೇಲಿ ಆಳ್ ಎಷ್ಟ್ ಮಂದಿ? ಕುಡಿಯೋ ಚಟ ಏನಾರ ಅದಾ?” ಎಂದು ಕೇಳಿದರೆ ಯಾರಿಗೆ ತಾನೇ ಅರ್ಥವಾಗುವುದಿಲ್ಲ? ಒಳಗೆ ಒಗ್ಗರಣೆ ಚಟಪಟ ಎಂದಿತು. ಉಪ್ಪಿಟ್ಟು ಬಂತು, ಕಾಫಿ ಬಂತು. ಅದರ ಹಿಂದೆಯೇ ತಲೆಗೆ ಎಣ್ಣೆ ಸುರಿದುಕೊಂಡು, ಒಗೆದ ಅಂಗಿ ತೊಟ್ಟು, ಕಿರಿಯ ಮಗ ಬಂದು ಚಿಕ್ಕಪ್ಪನ ಕಾಲಿಗೆ ಬಿದ್ದ.

ಚಿಕ್ಕಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿ, “ಗುಂಡಿ ಎಷ್ಟ್ ಆಳ ತೆಗೀತಿಯಪ್ಪಾ?” ಎಂದು ಕೇಳಿದರು.

ಹುಡುಗ ಅಪ್ಪನ ಮುಖ ನೋಡಿದ. ಯಜಮಾನರು ಗಂಟಲು ಸರಿಮಾಡಿಕೊಂಡು, “ಅದಿರ್ಲಿ ಸಾ, ಉಡ್ಗಿ ಯಾವೂರ್ದು?” ಎಂದರು.

“ಯಾವ್ ಉಡ್ಗಿ?”

“ನೀವ್ ಕೊಡಾಕ್ ಬಂದಿರಾದು.”

“ಉಡ್ಗಿ ಅಲ್ಲ ಕಣ್ರಿ” ಎಂದರು ಚಿಕ್ಕಪ್ಪ, ಉಪ್ಪಿಟ್ಟಿನ ಕೊನೆಯ ತುತ್ತು ಬಾಯಿಗಿಟ್ಟುಕೊಂಡು. “ನಾ ಕೊಡಾಕ್ ಬಂದಿರಾದು ಕಸ.”

ಪೇಟೆಯಲ್ಲೆಲ್ಲ ಹರಡಿದ ಸುದ್ದಿಯೇ ಬೇರೆ. ಇನ್ಸ್‌ಪೆಕ್ಟರು ಅಣ್ಣನ ಮಗಳಿಗೆ ಗಂಡು ನೋಡಲು ಹೋಗಿದ್ದರಂತೆ, ತಿಪ್ಪೆ ಚಿಕ್ಕದಾಯಿತೆಂದು ಬಿಟ್ಟು ಬಂದರಂತೆ. ಅಣ್ಣನ ಮಗಳೆಂದರೆ ನಾನೇ! ಆಮೇಲೆ ಎರಡು ಸಂಬಂಧಗಳು ನಮ್ಮ ಬಾಗಿಲಿಗೆ ಬಂದು, ತಮ್ಮ ತಿಪ್ಪೆಗಳ ನೆನಪಾಗಿ, ಹಾಗೇ ಹಿಂದಕ್ಕೆ ಹೋದವು.

ಮುಂದಿನ ವರ್ಷದ ಬಲಿ ಯಳಂದೂರಿನ ಗಾಡಿಯವರು. ಅವರ ಹಿತ್ತಿಲು ಪಾಸಾಯಿತು. ಮಿಕ್ಕಿದ್ದು ಗಾಡಿಯ ಪರೀಕ್ಷೆ. ಕಸದ ಗಾಡಿ ದಾರಿಯುದ್ದಕ್ಕೂ ತೊಟ್ಟಿಕ್ಕಬಾರದೆಂಬುದು ಚಿಕ್ಕಪ್ಪನ ಕಾನೂನು. ಒದ್ದೆ ಕಸ ತುಂಬಿಸಿ, ಕೊಳ್ಳೇಗಾಲದ ದೊಡ್ಡ ಬೀದಿಯಲ್ಲಿ ಗಾಡಿ ಹೊಡೆಸಿ, ಅದರ ಹಿಂದೆ ತಾವು ಕೊಡೆ ಮಡಚಿ ಹಿಡಿದು, ತಲೆ ತಗ್ಗಿಸಿ, ನೆಲ ನೋಡುತ್ತ ನಡೆದರು. ಗಾಡಿ ನಿಧಾನ, ಅವರು ಇನ್ನೂ ನಿಧಾನ. ಮಗ್ಗದ ಮನೆಗಳಿಂದ ನೇಯುತ್ತಿದ್ದವರು ಎದ್ದು ಬಂದು ಕೈಮುಗಿದು ನಿಂತರು. ಅಂಗಡಿಯವರೊಬ್ಬರು ಹತ್ತಿರ ಬಂದು ಮೆತ್ತಗೆ ಕೇಳಿದರು: “ಯಾರ್ ಸಾ ಓಗಿದ್ದು?”

“ಇನ್ನೂ ಯಾರೂ ಇಲ್ಲ” ಎಂದರು ಚಿಕ್ಕಪ್ಪ, ನೆಲದಿಂದ ಕಣ್ಣೆತ್ತದೆ. “ಒಂದ್ ಅನಿ ಬಿದ್ರೆ ಕಂಟ್ರಾಕ್ಟ್ರು ಓಯ್ತರೆ.”

ನಗುವವರು ನಕ್ಕರು. ನನಗೂ ನಗು ಬರುತ್ತಿತ್ತು. ಆದರೆ ಶನಿವಾರ ಊರಿಗೆ ಬಂದಾಗ ಕಾಲು ಅಭ್ಯಾಸಬಲದಿಂದ ಚಿಕ್ಕಮ್ಮನ ಮನೆಯ ಕಡೆಗೇ ತಿರುಗುತ್ತಿತ್ತು. ಅಲ್ಲಿ ಒಲೆ ತಣ್ಣಗಿರುತ್ತಿತ್ತು. ನನಗೇ ಹೀಗಾದರೆ ಆ ಮನೆಯಲ್ಲಿ ಮಲಗಿ ಏಳುವ ಮನುಷ್ಯನಿಗೆ ಹೇಗಿರಬೇಡ?

ಸಂಜೆಯಾದರೆ ಚಿಕ್ಕಪ್ಪ ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದರು. ನಿಲ್ದಾಣದ ಶುಚಿತ್ವ ನೋಡುವುದಕ್ಕಂತೆ. ಬೆಳಿಗ್ಗೆ ಯಾಕೆ ನೋಡಬಾರದು? ಹನೂರಿನ ಬಸ್ಸು ಬಂದು, ಕೊನೆಯ ಮುದುಕಿ ಇಳಿದು, ಕಂಡಕ್ಟರು ಬಾಗಿಲು ಹಾಕಿದ ಮೇಲೆ ಶುಚಿತ್ವದ ತಪಾಸಣೆ ಮುಗಿಯುತ್ತಿತ್ತು.

ಇಷ್ಟಾದ ಮೇಲೆ ಪಾಲಾರ್ ಕಡೆಯ ಒಬ್ಬರು ಟೆಂಡರು ಹಾಕಿದರು. ಮನೆಯಲ್ಲಿ ತಮಿಳು, ಹೊರಗೆ ಕನ್ನಡ, ಎರಡರಲ್ಲೂ ಮಿತಭಾಷಿ. ಹಿತ್ತಿಲು ಕನ್ನಡಿ. ಗಾಡಿಯಿಂದ ಒಂದು ಹನಿ ಬೀಳಲಿಲ್ಲ. ಪುರಸಭೆಯ ಅಧ್ಯಕ್ಷರಿಗೂ ಒಪ್ಪಿಗೆಯಾಯಿತು. ಅಂಥ ಯೋಗ್ಯ ಮನುಷ್ಯನನ್ನು ಚಿಕ್ಕಪ್ಪ ಒಂದೇ ಮಾತಿನಲ್ಲಿ ಬೇಡವೆಂದರು. ಕಾರಣ? ಆತ ಗುಂಡಿ ತೋಡುತ್ತೇನೆಂದ ಜಮೀನು ಹನೂರು ರಸ್ತೆಯ ಪಕ್ಕದಲ್ಲಿತ್ತು.

“ಆ ರೋಡ್ ಬ್ಯಾಡ ಸಾ” ಎಂದರಂತೆ ಅಧ್ಯಕ್ಷರಿಗೆ.

“ಅಲ್ಲಿ ಮನೆಮಠ ಒಂದೂ ಇಲ್ವಲ್ಲ ಇನ್ಸ್‌ಪೆಕ್ಟ್ರೇ. ಯಾರಿಗ್ರೀ ತೊಂದ್ರೆ?”

“ಬರೋರ್‌ಗೆ.”

“ಯಾರ್ ಬರೋರು?”

ಚಿಕ್ಕಪ್ಪ ಕೊಡೆ ಎತ್ತಿಕೊಂಡು ಎದ್ದುಬಿಟ್ಟರು. ಆ ಕಡೆ ಇವರದೇ ಜಮೀನಿರಬೇಕೆಂದು ಮೆಂಬರುಗಳು ಗುಸುಗುಸು ಮಾತಾಡಿಕೊಂಡರು. ಒಂದು ಹೆಂಗಸು ಆ ದಾರಿಯಲ್ಲಿ ಬಸ್ಸಿನಲ್ಲಿ ಕೂತು ಬರುವಾಗ, ಊರು ಹತ್ತಿರವಾಗುತ್ತಿದ್ದಂತೆ, ಅವಳು ಸೆರಗಿನಿಂದ ಮೂಗು ಮುಚ್ಚಿಕೊಳ್ಳಬಾರದು ಎಂದು ಹೇಳಿದ್ದರೆ ಅವರಲ್ಲಿ ಯಾರು ನಂಬುತ್ತಿದ್ದರು? ಕೊನೆಗೆ ಪಾಲಾರಿನವರು ಬೇರೆ ದಿಕ್ಕಿನಲ್ಲಿ ಜಾಗ ಹುಡುಕಿಕೊಂಡರು, ಕಂಟ್ರಾಕ್ಟು ಅವರಿಗೇ ಆಯಿತು. ಊರು ನಿಜವಾಗಿಯೂ ನಾರುವುದನ್ನು ಬಿಟ್ಟಿತು. ಹನೂರಿನ ಬಸ್ಸಿನಿಂದ ಮಾತ್ರ ಇಳಿಯಬೇಕಾದವರು ಇಳಿಯಲಿಲ್ಲ. ಇಳಿಯುವುದಕ್ಕೆ ಊರಿನ ನಾತ ಹೋಗಿದೆಯೆಂದು ಅವರಿಗೆ ತಿಳಿಸಿದವರು ಯಾರು? ಚಿಕ್ಕಪ್ಪನಿಗೆ ಇನ್ನೂ ಧೈರ್ಯ ಸಾಲದು. “ಮಳೆಗಾಲ ಕಳೀಲಿ, ಮಳೇಲೂ ನಾರ್ದೆ ಇದ್ರೆ ನೋಡವ” ಎಂದು ಮುಂದೂಡುತ್ತಿದ್ದರು.

ಆ ಬೇಸಿಗೆಯಲ್ಲಿ ಒಂದು ಮದುವೆಗೆಂದು ನಾನು ಹನೂರಿಗೆ ಹೋದೆ. ಊಟ ಮುಗಿಸಿಕೊಂಡು ನೇರ ಚಿಕ್ಕಮ್ಮನ ತವರಿಗೆ ನಡೆದೆ. ಚಿಕ್ಕಮ್ಮ ಬಡವಾಗಿದ್ದರು. ನನ್ನನ್ನು ಕೂರಿಸಿ, ಕೇಳದೆಯೇ ತಲೆಗೆ ಎಣ್ಣೆ ಹಾಕತೊಡಗಿದರು. ನಾನು ಚಿಕ್ಕಪ್ಪನ ತಿಪ್ಪೆಯ ಕತೆ, ಗಾಡಿಯ ಕತೆ ಹೇಳಿ ನಗಿಸಿದೆ. ಕೊನೆಗೆ, “ನೀವು ಅವರ ವಾಸನೆ ತಡೆಯೋಕಾಗಲ್ಲ ಅಂದ್ರಲ್ಲ ಚಿಕ್ಕಮ್ಮ, ಅದಕ್ಕೇ ಇಷ್ಟೆಲ್ಲ” ಎಂದೆ.

ತಲೆಯ ಮೇಲಿನ ಕೈ ನಿಂತಿತು.

“ನಾ ಯಾವಾಗ್ ಅಂಗಂದೆ?”

“ಬಸ್ಸಿನಲ್ಲಿ.”

“ಅಯ್ಯೋ ನನ್ ಕರ್ಮವೇ” ಎಂದರು ಚಿಕ್ಕಮ್ಮ. “ನಿಮ್ ವಾಸ್ನೆನೂ ಸುಳಿಯಾದಿಲ್ಲ ಆ ಮನೇಲಿ, ನಾನ್ಯಾರ್ ಜೊತೇಲ್ ಬಾಳ್ಲಿ ಅಂದೆ ಕಣವ್ವಾ. ಒತ್ತುಟ್ಟೋಕ್ ಮುಂಚೆ ಓದ್ರೆ ಉಣ್ಣಾಕೂ ಬರಾದಿಲ್ಲ ಮಾರಾಯ್ರು. ಬಸ್ ನಿಲ್ಸ್ತಾರೆ ಅಂದ್ಕಂಡೆ. ನಿಲ್ಸ್ಲಿಲ್ಲ.”

ಈ ಮಾತನ್ನು ಸೆರಗಿನಲ್ಲಿ ಕೆಂಡ ಕಟ್ಟಿಕೊಂಡವಳಂತೆ ಕೊಳ್ಳೇಗಾಲಕ್ಕೆ ತಂದೆ. ಚಿಕ್ಕಪ್ಪ ಗುಂಡಿಯ ಹತ್ತಿರ ಮಣ್ಣು ಹಾಕಿಸುತ್ತಿದ್ದರು. ಅಲ್ಲೇ ನಿಂತು ಹೇಳಿದೆ. ಹೆಂಡತಿ ಬರಲೆಂದು ಊರ ಕಸದ ಹಿಂದೆ ಹಗಲೆಲ್ಲ ಅಲೆದು, ಮನೆಯನ್ನು ಮೊದಲಿಗಿಂತಲೂ ಬರಿದು ಮಾಡಿಕೊಂಡಿದ್ದು ಅವರಿಗೆ ಆಗ ಹೊಳೆದಿರಬೇಕು. ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

“ನಾಳೆ ಓಗವ” ಎಂದರು. “ನೀನೂ ಬಾ ಮಗಾ. ನಂಗ್ ಒಬ್ನೇ ಓಗಾಕೆ ಎದ್ರಿಕೆ.”

ಮರುದಿನ ಹೊಸ ಟೆಂಡರು ತೆರೆಯುವ ದಿನ. ಅಧ್ಯಕ್ಷರು, ಮೆಂಬರುಗಳು, ಕಂಟ್ರಾಕ್ಟರುಗಳು ಎಲ್ಲರೂ ಕಚೇರಿಯಲ್ಲಿ ಕಾದು ಕೂತಿದ್ದಾಗ ನಮ್ಮ ಇನ್ಸ್‌ಪೆಕ್ಟರು ನನ್ನ ಪಕ್ಕದಲ್ಲಿ ಹನೂರಿನ ಬಸ್ಸಿನಲ್ಲಿ ಕೂತು ಬೆವರುತ್ತಿದ್ದರು.

ಚಿಕ್ಕಮ್ಮ ಜಗಲಿಯಲ್ಲಿ ಕೂತು ಮೊರದಲ್ಲಿ ಹುರುಳಿ ಕೇರುತ್ತಿದ್ದರು. ತಲೆ ಎತ್ತಿ ನೋಡಿದರು, ಮತ್ತೆ ತಗ್ಗಿಸಿದರು. ಚಿಕ್ಕಪ್ಪನಿಗೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಕಾಲು ತಾನಾಗಿ ಓಣಿಯ ಕಡೆ ತಿರುಗಿತು.

“ಇತ್ಲಾಗ್ ಬನ್ನಿ” ಎಂದರು ಚಿಕ್ಕಮ್ಮ. “ನಮ್ ತಿಪ್ಪೆ ನೆಟ್ಗದೆ.”

ಚಿಕ್ಕಪ್ಪ ಬಂದು ಜಗಲಿಯ ತುದಿಯಲ್ಲಿ ಕೂತರು. ಮೊರದ ಸದ್ದು ನಿಲ್ಲಲಿಲ್ಲ. ನಾನು ನಡುವೆ ಕಂಬದಂತೆ ನಿಂತಿದ್ದೆ. ಚಿಕ್ಕಮ್ಮ ಹುರುಳಿಯ ಕಡೆಯೇ ನೋಡುತ್ತ ಕೇಳಿದರು: “ಮನೆಗ್ ಬೀಗ ಆಕ್ಕಂಡ್ ಬಂದ್ರಾ?”

“ಇಲ್ಲ.”

“ಯಾಕೆ?”

“ಬೀಗದ್ ಕೈ ಅವತ್ ನಿನ್ ಸೊಂಟ್ದಲ್ಲೇ ಬಂದ್ಬುಡ್ತಲ್ಲ.”

ಚಿಕ್ಕಮ್ಮನ ಕೈ ಸೊಂಟಕ್ಕೆ ಹೋಯಿತು. ಬೀಗದ ಕೈ ಅಲ್ಲೇ ಇತ್ತು.

“ಇಷ್ಟ್ ವರ್ಸ್‌ವೂ ಬೀಗ ಇಲ್ದೇನೆ ಬುಟ್ಟಿದ್ರಾ ಮನೆಯ? ಇನ್ನೊಂದ್ ಕೈ ಮಾಡಿಸ್ಕಬಾರ್ದಾಗಿತ್ತಾ?”

“ಮಾಡ್ಸುದ್ರೆ” ಎಂದರು ಚಿಕ್ಕಪ್ಪ, ಪಂಚೆಯ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ, “ನೀನ್ ಬರಾದಿಲ್ಲ ಅಂತ ಆಯ್ತಿತ್ತು.”

ಚಿಕ್ಕಮ್ಮ ಮೊರ ಕೆಳಗಿಟ್ಟರು. ಸೆರಗಿನಿಂದ ಮುಖ ಒರೆಸಿಕೊಂಡು ಎದ್ದು, ಒಳಗೆ ಹೋಗಿ, ಟ್ರಂಕನ್ನು ಹೊಸ್ತಿಲವರೆಗೆ ಎಳೆದುಕೊಂಡು ಬಂದು, “ಬಸ್ ಇಲ್ಲಿಂದ ಎಷ್ಟೊತ್ಗೆ ಒಲ್ಡಾದು?” ಎಂದರು.

ಚಿಕ್ಕಪ್ಪ ನನ್ನ ಮುಖ ನೋಡಿದರು. ನಾನು ಅವರ ಮುಖ ನೋಡಿದೆ.

“ನಂಗ್ ಗೊತ್ತಿಲ್ಲ” ಎಂದರು. “ಅದು ಅಲ್ಲಿಗ್ ಎಷ್ಟೊತ್ಗೆ ಬತ್ತದೆ ಅಂತ ಗೊತ್ತು.”