ಗೋಲು ಕಾಯ್ದ ಬಹುಮಾನ

ಮೂರನೆಯ ಚೆಂಡನ್ನೂ ಹೋತ ಹಣೆಯಿಂದಲೇ ತಡೆಯಿತು.

ಚೆಂಡು ಪುಟಿದು ಪತ್ರಸ್ ಕುಲ್ಲುವಿನ ಎಡಗಡೆಗೆ ಬಂತು. ಪತ್ರಸ್ ಮಾತ್ರ ಹೊಡೆದ ಜಾಗದಲ್ಲೇ ನಿಂತು, ತಪ್ಪಿಹೋದ ಬಸ್ಸನ್ನು ನೋಡುವವನ ಹಾಗೆ ಅದನ್ನು ನೋಡುತ್ತಿದ್ದ. ಚೆಂಡು ಅವನನ್ನು ದಾಟಿ, ಬೇಲಿಯ ಸಂದಿನಲ್ಲಿ ನುಸುಳಿ, ಪಕ್ಕದ ಮನೆಯ ಮುದುಕಿ ಮಂಗ್ರಿ ಆಜಿಯ ಅವರೆ ಬಳ್ಳಿಯ ಬುಡ ಸೇರಿತು.

"ಏನೋ, ಮೆರವಣಿಗೆ ಹೋಗ್ತಿದೆಯಾ, ನಿಂತು ನೋಡ್ತಿದ್ದೀಯಲ್ಲ?" ಆಜಿ ಬೇಲಿಯಾಚೆಯಿಂದ ಕೂಗಿದಳು. ತನ್ನ ಊರುಗೋಲನ್ನು ತಿರುವಿ ಹಿಡಿದು ಚೆಂಡಿಗೊಂದು ಏಟು ಕೊಟ್ಟಳು. ಅದು ಬಂದ ಸಂದಿನಲ್ಲೇ ವಾಪಸಾಗಿ ಪತ್ರಸನ ಕಾಲ ಹೆಬ್ಬೆರಳಿಗೆ ತಾಗಿ ನಿಂತಿತು. "ಹೊಡೆದ ಮೇಲೆ ಓಡಬೇಕು ಕಣೋ! ಗೋಲು ಕಾಯೋ ಗೋಲಿ ತಡೆದ ಚೆಂಡು ಮೊದಲು ಮುಟ್ಟಿದವನದ್ದು."

ಆಜಿಗೆ ಎಪ್ಪತ್ತೆರಡು. ಬಿದಿರಿನ ಬುಡ ಕೆತ್ತಿದ ಕೋಲು ಹಿಡಿದು ಗೋಲು ಹೊಡೆದವಳು. ಕರಂಜಟೋಲಿಯಲ್ಲಿ ಅದೇನೂ ಸುದ್ದಿಯಲ್ಲ. ಹೋತವನ್ನೇ ಬಹುಮಾನವಾಗಿಟ್ಟ ಹಾಕಿ ಪಂದ್ಯಾಟದಲ್ಲಿ ಗೋಲು ಹೊಡೆದವರ ಹೆಸರನ್ನು ಊರ ಚಾವಡಿಯ ಗೋಡೆಯ ಮೇಲೆ ಕೆಮ್ಮಣ್ಣಿನಲ್ಲಿ ಬರೆಯುವುದು ಅಲ್ಲಿನ ರೂಢಿ. ಆ ಗೋಡೆಯ ಮೇಲೆ ಅಂಚೆಯವನ ಹೆಸರಿತ್ತು, ಸೂಲಗಿತ್ತಿಯ ಹೆಸರಿತ್ತು, ಒಂದು ಕಣ್ಣಿಗೆ ಪೊರೆ ಬಂದಿದ್ದ ಚರ್ಚಿನ ಉಪದೇಶಿಯ ಹೆಸರೂ ಇತ್ತು. ಪತ್ರಸನ ಹೆಂಡತಿ ಸಲೋಮಿಯ ಹೆಸರಂತೂ ಮೂರು ಸಲ ಇತ್ತು. ಆರು ವರ್ಷದಿಂದ ತಂಡದ ಜೊತೆ ಹೋಗಿ ಬರುತ್ತಿದ್ದರೂ ಪತ್ರಸನ ಹೆಸರು ಮಾತ್ರ ಇರಲಿಲ್ಲ. ಅವನು ಹೆಚ್ಚುವರಿ ಆಟಗಾರ. ನೀರಿನ ಬಕೆಟ್ಟು ಅವನ ಜವಾಬ್ದಾರಿ.

ಹೋದ ವಾರ ಅದೇ ಗೋಡೆಗೆ ಚೆಂಡು ಹೊಡೆದು ಅಭ್ಯಾಸ ಮಾಡಲು ಹೋಗಿದ್ದ. ಮಣ್ಣಿನ ಗೋಡೆ. ಚೆಂಡು ಪುಟಿಯಲಿಲ್ಲ, ಒಂದು ಚಕ್ಕೆ ಕಳಚಿ ಬಿತ್ತು. ಆ ಚಕ್ಕೆಯ ಮೇಲಿದ್ದದ್ದು ತಂಡದ ನಾಯಕನೂ ಸಲೋಮಿಯ ಅಣ್ಣನೂ ಆದ ಅನ್ಸೆಲ್ಮನ ಹೆಸರು. ಅಂದಿನಿಂದ ಪತ್ರಸ್ ಚಾವಡಿಯ ಹತ್ತಿರ ಕೋಲು ಹಿಡಿದು ಸುಳಿಯುವಂತಿರಲಿಲ್ಲ.

ಈ ದಿನ ಬೆಳಿಗ್ಗೆ ಗೋಲಿಯಾಗಿ ನಿಲ್ಲುತ್ತೇನೆಂದು ಮಾತು ಕೊಟ್ಟಿದ್ದ ಗೆಳೆಯ ಮಾರ್ಕುಸ್, ಅಕ್ಕಿ ಹೆಂಡ ಕುಡಿದು ಇನ್ನೂ ಎದ್ದಿರಲಿಲ್ಲ. ಮಧ್ಯಾಹ್ನ ನೆರೆಯ ಊರು ಬಾಸ್ತೋಲಿಯ ಮೇಲೆ ಫೈನಲ್. ಅಂಗಳದಲ್ಲಿ ಪತ್ರಸನನ್ನು ಬಿಟ್ಟರೆ ಇದ್ದದ್ದು ಆ ಫೈನಲ್ಲಿನ ಬಹುಮಾನ, ಒಂದು ಕಪ್ಪು ಹೋತ. ಗೆದ್ದವರು ಅದನ್ನು ಸಂಜೆಗೇ ಕೊಯ್ದು ಊರಿಗೆಲ್ಲ ಊಟ ಹಾಕಬೇಕು. ಪ್ರತಿ ವರ್ಷವೂ ಬಹುಮಾನದ ಹೋತವನ್ನು ಪತ್ರಸನ ಮನೆಯಲ್ಲೇ ಕಟ್ಟುತ್ತಿದ್ದರು. "ಸೋಲು ಗೆಲುವಿಗೂ ಅವನಿಗೂ ಸಂಬಂಧ ಇಲ್ಲ, ಅಲ್ಲಿದ್ರೆ ಕ್ಷೇಮ," ಎಂದು ಕಮಿಟಿಯವರು ಅವನ ಎದುರಿಗೇ ಹೇಳಿದ್ದರು. ಕೊನೆಗೆ ಅವನೇ ತನ್ನ ಕೈಯಾರೆ ಹಗ್ಗವನ್ನು ಗೆದ್ದವರಿಗೆ ಒಪ್ಪಿಸಬೇಕು. ಅವನು ಒಪ್ಪಿಸದೆ ಯಾರೂ ಹೋತವನ್ನು ಮುಟ್ಟುವಂತಿಲ್ಲ. ಇಡೀ ಪಂದ್ಯಾಟದಲ್ಲಿ ಅವನಿಗಿದ್ದ ಗೌರವ ಅದೊಂದೇ.

ಹಾಗಾಗಿ ಎರಡು ಗೂಟದ ನಡುವೆ ಹೋತವನ್ನು ಉದ್ದ ಹಗ್ಗದಲ್ಲಿ ಕಟ್ಟಿ, ಹಳೆ ಸೀರೆ ಸುತ್ತಿ ಸೈಕಲ್ ಟ್ಯೂಬಿನಿಂದ ಬಿಗಿದ ಚೆಂಡನ್ನು ಹೊಡೆಯುತ್ತಿದ್ದ. ಹೊಡೆಯುವ ಮುಂಚೆ ಕೋಲನ್ನು ನೆಲಕ್ಕೆ ಎರಡು ಸಲ ಕುಟ್ಟುವುದು ಅವನ ಚಟ. ಟಕ್, ಟಕ್. ಹತ್ತನೆಯ ಚೆಂಡಿನ ಹೊತ್ತಿಗೆ ಹೋತಕ್ಕೆ ಅದು ಅರ್ಥವಾಗಿತ್ತು. ಎರಡನೆಯ ಟಕ್ ಕೇಳಿದ್ದೇ ಗೂಟಗಳ ನಡುವೆ ಬಂದು ತಲೆ ತಗ್ಗಿಸಿ ನಿಲ್ಲುತ್ತಿತ್ತು. ಹದಿನೈದರ ಹೊತ್ತಿಗೆ ಇನ್ನೊಂದು ವಿದ್ಯೆ ಕಲಿಯಿತು. ಚೆಂಡನ್ನು ಗುದ್ದಿದ ಮೇಲೆ, ನಿಂತು ನೋಡುತ್ತಿದ್ದ ಪತ್ರಸನನ್ನೂ ಗುದ್ದತೊಡಗಿತು.

ಅವನು ಎರಡು ಸಲ ಸಗಣಿ ಗುಂಡಿಗೆ ಬಿದ್ದ. ಮೂರನೆಯ ಸಲ ಚೆಂಡು ಹೊಡೆದವನೇ ಓಡಿದ. ಓಡಿದ ದಿಕ್ಕಿನಲ್ಲೇ ಚೆಂಡು ಪುಟಿದು ಬಂತು. ಮತ್ತೆ ಹೊಡೆದ. ಹೋತದ ಕಾಲ ನಡುವೆ ತೂರಿ ಒಳಗೆ ಹೋಯಿತು.

"ಹೋಯ್!" ಎಂದು ಬೇಲಿಯಾಚೆಯಿಂದ ಏಳೆಂಟು ದನಿ. ಬಾಗಿದ್ದ ಪತ್ರಸ್ ಬೆನ್ನು ನೆಟ್ಟಗೆ ಮಾಡಿ ನೋಡಿದರೆ ಅರ್ಧ ಊರು ನಿಂತಿದೆ.

"ಮೊಣಕಾಲು ಇನ್ನೂ ಬಗ್ಗಿಸು," ಎಂದಳು ಸೂಲಗಿತ್ತಿ.

"ಎಡಕ್ಕೆ ಓಡೋ, ಹೋತ ಬಲಗೊಂಬಿನದು," ಎಂದ ಅಂಚೆಯವನು.

"ನಿಮಗೆ ಕಾಗದ ಹಂಚೋ ಕೆಲಸ ಇಲ್ವಾ?" ಎಂದ ಪತ್ರಸ್.

"ಇತ್ತು. ಎಲ್ಲರೂ ಇಲ್ಲೇ ಸಿಕ್ಕಿದ್ರು, ಕೊಟ್ಟಾಯ್ತು."

ಗದ್ದಲ ಕೇಳಿ ಸಲೋಮಿ ಸೌಟು ಹಿಡಿದೇ ಹೊರಗೆ ಬಂದು, ಮಗಳ ಹೆಸರು ಸೇರಿಸಿ ಗಂಡನನ್ನು ಕೂಗಿದಳು. "ನೀಲಮ್ ಅಪ್ಪಾ! ಅದು ಸಂಜೆ ಊರಿಗೆಲ್ಲ ಬಡಿಸೋ ಮಾಂಸ. ಹೀಗೆ ಓಡಿಸಿ ಒಣಗಿಸಿದ್ರೆ ಅಣ್ಣ ನಿನ್ನನ್ನೇ ಬೇಯಿಸ್ತಾನೆ!"

"ನಲವತ್ತು ಹೊಡೆದೆ ಸಲೋಮಿ. ನಲವತ್ತೂ ತಡೀತು. ಆದ್ರೆ ಮೂರನ್ನ ಓಡಿಹೋಗಿ ಮತ್ತೆ ಹೊಡೆದೆ. ಮೂರೂ ಒಳಗೆ!"

ಸಲೋಮಿ ಸೌಟನ್ನು ಅವನ ಕೈಗೆ ಕೊಟ್ಟು ಕೋಲು ಇಸಕೊಂಡಳು. "ಓಡೋವಾಗ ಕೋಲು ನೆಲಕ್ಕೇ ಇರ್ಲಿ. ಪುಟಿದ ಮೇಲೆ ಕೋಲು ಇಳಿಸ್ತೀನಿ ಅಂದ್ರೆ ಚೆಂಡು ಕಾಯಲ್ಲ. ಮತ್ತೆ ಆ ಟಕ್ ಟಕ್ ಬಿಟ್ಬಿಡು. ನೀನು ಕುಟ್ಟೋದ್ರೊಳಗೆ ಬಾಸ್ತೋಲಿಯವರು ಚೆಂಡು ಕಿತ್ಕೊಂಡು ಊರು ಸೇರಿರ್ತಾರೆ."

"ಅದೊಂದು ಬಿಡೋಕಾಗಲ್ಲ," ಎಂದ ಪತ್ರಸ್.

ಹೋತವನ್ನು ಮೈದಾನಕ್ಕೆ ಒಯ್ಯಲು ಅನ್ಸೆಲ್ಮ್ ಚೆಂಡುಹೂವಿನ ಹಾರ ಹಿಡಿದು ಬಂದಾಗ ಜನ ಚದುರಿದರು. ಇಡೀ ಬೆಳಗು ಗೂಟಕ್ಕೆ ಉಜ್ಜಿ ಹಗ್ಗ ಒಂದು ಕಡೆ ನಾರು ನಾರಾಗಿತ್ತು. ಪತ್ರಸ್ ಅಲ್ಲೊಂದು ಗಂಟು ಬಿಗಿದು ಅಂಗೈಯಲ್ಲಿ ಮುಚ್ಚಿ ಹಿಡಿದ.

"ಇದೇನೋ, ಹೋತ ಏದುಸಿರು ಬಿಡ್ತಿದೆ?"

"ಸೆಖೆ, ದಾದಾ," ಎಂದ ಪತ್ರಸ್ ಭಾವನಿಗೆ.

ಜನವರಿ ತಿಂಗಳು. ಅನ್ಸೆಲ್ಮ್ ಕಂಬಳಿ ಹೊದ್ದಿದ್ದ.

ಕೊಯ್ಲಾದ ಗದ್ದೆಯೇ ಮೈದಾನ. ಬಾಸ್ತೋಲಿಯ ಗೋಲಿನ ಹಿಂದಿದ್ದ ಇಪ್ಪೆ ಮರಕ್ಕೆ, ಎಲ್ಲರಿಗೂ ಕಾಣುವಂತೆ ಹೋತವನ್ನು ಕಟ್ಟಿದರು. ಪಕ್ಕದ ಚರ್ಚಿನಿಂದ ಬಂದ ಸಿಸ್ಟರ್ ಕ್ಲೋಟಿಲ್ಡಾ ಅಂಪೈರು. ನಿಲುವಂಗಿಯ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ, ಬಿಳಿ ಕ್ಯಾನ್ವಾಸ್ ಬೂಟು ತೊಟ್ಟು, ಹುಡುಗರಿಗಿಂತ ಮುಂದೆ ಓಡುತ್ತಿದ್ದಳು. ಮಂಗ್ರಿ ಆಜಿ ಕೆಮ್ಮಣ್ಣಿನ ಕುಡಿಕೆಯನ್ನೂ ಕುಂಚವನ್ನೂ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದಳು. ಕುಂಚ ಒಣಗುತ್ತಾ ಬಂತು. ಯಾರೂ ಗೋಲು ಹೊಡೆಯಲಿಲ್ಲ.

ಎಂಟು ನಿಮಿಷ ಉಳಿದಾಗ ಕರಂಜಟೋಲಿಯ ಆಟಗಾರ ಸಿಲ್ವೆಸ್ಟರನ ಮೀನಖಂಡ ಹಿಡಿದುಕೊಂಡಿತು. ಅನ್ಸೆಲ್ಮ್ ಅಂಚಿನ ಕಡೆ ನೋಡಿದ. ಅಲ್ಲಿದ್ದದ್ದು ಪತ್ರಸ್ ಮತ್ತು ಬಕೆಟ್ಟು. ಸುಮಾರು ಹೊತ್ತು ಇಬ್ಬರನ್ನೂ ನೋಡಿದ.

"ಬಕೆಟ್ಟಿಗೆ ಕಾಲಿಲ್ಲ ಅಂತ ನಿನ್ನ ಕರೀತಿದ್ದೀನಿ. ಬಾ."

ಏಳು ನಿಮಿಷ ಚೆಂಡು ಪತ್ರಸನ ಹತ್ತಿರ ಸುಳಿಯಲಿಲ್ಲ. ಕೊನೆಯ ನಿಮಿಷದಲ್ಲಿ ಅನ್ಸೆಲ್ಮ್ ಬಲಗಡೆಯಿಂದ ನುಗ್ಗಿದ. ಬಾಸ್ತೋಲಿಯ ಗೋಲಿ ಅವನ ಮೇಲೆ ಹಾರಿ ಮಕಾಡೆ ಬಿದ್ದ. ಚೆಂಡು ಉರುಳಿ ಬಂದು ಪತ್ರಸನ ಮುಂದೆ ನಿಂತಿತು. ಎದುರಿಗೆ ಖಾಲಿ ಗೋಲು. ಒಂದು ಎತ್ತಿನ ಗಾಡಿ ನುಗ್ಗುವಷ್ಟು ಖಾಲಿ.

"ಹೊಡಿಯೋ!" ಎಂದಿತು ಊರು.

ಪತ್ರಸ್ ಕೋಲಿಂದ ನೆಲ ಕುಟ್ಟಿದ. ಟಕ್, ಟಕ್.

ಇಪ್ಪೆ ಮರದ ಕೆಳಗೆ ಹೋತ ಕಿವಿ ನಿಮಿರಿಸಿತು. ಅದು ಜಗ್ಗಿದ ರಭಸಕ್ಕೆ ಬೆಳಿಗ್ಗೆ ಬಿಗಿದ ಗಂಟು ಕಳಚಿತು. ಪತ್ರಸ್ ಹೊಡೆದ ಚೆಂಡು ಗೆರೆ ದಾಟಲು ಎರಡು ಗೇಣು ಇರುವಾಗ, ಕೊರಳಲ್ಲಿ ಹೂವಿನ ಹಾರ ತೊಟ್ಟ ಕಪ್ಪು ಹೋತ ಗೋಲಿನ ನಡುವೆ ಬಂದು ಹಣೆ ಒಡ್ಡಿತು.

ಚೆಂಡು ಪುಟಿಯಿತು. ಆದರೆ ಪತ್ರಸ್ ಆಗಲೇ ಓಡುತ್ತಿದ್ದ, ಮೊಣಕಾಲು ಬಗ್ಗಿಸಿ, ಕೋಲು ನೆಲಕ್ಕೇ ಇಟ್ಟು, ಎಡಕ್ಕೆ. ಚೆಂಡು ತಾನಾಗಿ ಬಂದು ಕೋಲು ಸೇರಿತು. ಹೊಡೆದ. ಒಳಗೆ!

ಸಿಸ್ಟರ್ ಕ್ಲೋಟಿಲ್ಡಾ ಅದಕ್ಕೂ ಮುಂಚೆಯೇ ಸೀಟಿ ಊದಿದ್ದಳು.

"ಮೈದಾನದಲ್ಲಿ ಹೋತ ಇದ್ರೆ ಆಟ ಇಲ್ಲ," ಎಂದಳು ಸಿಸ್ಟರ್. "ಎರಡನೆಯದೂ ಇಲ್ಲ, ಮೊದಲನೆಯದು ಹೇಗೂ ಇಲ್ಲ." ಉಳಿದ ಅರ್ಧ ನಿಮಿಷ ಆಡಿಸಿದಳು, ಏನೂ ಆಗಲಿಲ್ಲ. ಸೊನ್ನೆಗೆ ಸೊನ್ನೆ. ಹಾಗಾದರೆ ಮುಂದಿನ ಶನಿವಾರ ಮರು ಪಂದ್ಯ, ಅಲ್ಲಿಯವರೆಗೆ ಹೋತ ಪತ್ರಸನ ಮನೆಯಲ್ಲಿ.

"ಆರು ವರ್ಷಕ್ಕೊಂದು ಗೋಲು," ಎಂದು ಅನ್ಸೆಲ್ಮ್ ತಲೆ ಚಚ್ಚಿಕೊಂಡ. "ಅದನ್ನೂ ತಡೆಯೋಕೆ ತಾನೇ ಗೋಲಿ ತಯಾರು ಮಾಡಿದ್ದಾನೆ!"

ಆಗ ಬಾಸ್ತೋಲಿಯ ನಾಯಕ ಜೋಹನ್ ಲುಗುನ್ ಮುಂದೆ ಬಂದ. ಅವನ ಕಣ್ಣು ಹೋತದ ಮೇಲೇ ಇತ್ತು.

"ಸಿಸ್ಟರ್, ಹನ್ನೊಂದು ವರ್ಷ ಆಡಿದ್ದೀನಿ. ಇಂಥ ಗೋಲಿಯನ್ನ ಕಂಡಿಲ್ಲ. ನಮ್ಮವನಂತೂ ಬರೀ ಬೀಳ್ತಾನೆ." ಪತ್ರಸನ ಕಡೆ ತಿರುಗಿದ. "ನೋಡಪ್ಪಾ, ನೀನು ಹೊಡೆದದ್ದು ಗೋಲೇ. ನಾವು ಹನ್ನೊಂದೂ ಜನ ಒಪ್ಕೋತೀವಿ. ನೀವು ಗೆದ್ರಿ. ಹೋತ ಮಾತ್ರ ನಮಗೆ ಕೊಡಿ. ದೇವರಾಣೆ ಕೊಯ್ಯಲ್ಲ, ದಿನಾ ಅಭ್ಯಾಸಕ್ಕೆ ನಿಲ್ಲಿಸ್ಕೋತೀವಿ."

ಸಿಸ್ಟರ್ ಯೋಚಿಸಿದಳು. "ಸೋತವರೇ ಒಪ್ಪಿದ್ರೆ ನನ್ನದೇನೂ ಅಡ್ಡಿ ಇಲ್ಲ."

"ಒಪ್ಕೋ ಪತ್ರಸ್!" ಅನ್ಸೆಲ್ಮ್ ಅವನ ಭುಜ ಹಿಡಿದು ಅಲ್ಲಾಡಿಸಿದ. "ಊಟಕ್ಕೆ ನಮ್ಮನೆ ಹಂದಿ ಇದೆ. ಗೋಡೆ ಮೇಲೆ ನನ್ನ ಹೆಸರು ಬಿದ್ದ ಜಾಗ ಖಾಲಿ ಇದೆ, ಅಲ್ಲೇ ಬರೆಸೋಣ. ಹಗ್ಗ ಕೊಡು, ಮುಗೀತು!"

ಮಂಗ್ರಿ ಆಜಿ ಆಗಲೇ ಎದ್ದು ಬಂದಿದ್ದಳು. ಕುಂಚವನ್ನು ಕುಡಿಕೆಯಲ್ಲಿ ಅದ್ದಿ ಎತ್ತಿದಳು. ಕೆಮ್ಮಣ್ಣು ತೊಟ್ಟು ತೊಟ್ಟಾಗಿ ಗದ್ದೆಗೆ ಬಿತ್ತು. ಸಲೋಮಿ ಗಂಡನನ್ನೇ ನೋಡುತ್ತಿದ್ದಳು.

ಪತ್ರಸ್ ಕುಂಚ ನೋಡಿದ. ಆ ಕುಂಚಕ್ಕಾಗಿ ಆರು ವರ್ಷ ನೀರು ಹೊತ್ತಿದ್ದ. ಆಮೇಲೆ ಹೋತವನ್ನು ನೋಡಿದ. ಅದು ಕೊರಳಿನ ಹಾರದಲ್ಲಿ ಎಟುಕಿದಷ್ಟು ಹೂವನ್ನು ಜಗಿಯುತ್ತಾ ಗೋಲಿನ ನಡುವೆಯೇ ನಿಂತಿತ್ತು, ಇನ್ನೊಂದು ಚೆಂಡು ಬರಬಹುದೆಂದು. ಮುಂದಿನ ಶನಿವಾರಕ್ಕೆ ಮೊದಲು ಆರು ಬೆಳಗು. ಬೆಳಗಿಗೆ ನಲವತ್ತು ಚೆಂಡು.

ಅವನು ಹೋತದ ಹತ್ತಿರ ಹೋಗಿ, ಅದರ ಕೊರಳಿನ ಹಗ್ಗವನ್ನು ತನ್ನ ಮುಂಗೈಗೆ ಎರಡು ಸುತ್ತು ಸುತ್ತಿಕೊಂಡ.

"ಕೊಡಲ್ಲ," ಎಂದ.