ಕಾಕಾನ ಕಹಿ ಚಕ್ಕೋತ

ನಮ್ಮ ಕಾಕಾನಿಗೆ ನಾಲಿಗೆ ಇಲ್ಲ ಎಂದರೆ ಊರು ನಂಬುವುದಿಲ್ಲ. ಜಗಳವಾಡಲು ಬೇಕಾದಷ್ಟಿದೆ, ರುಚಿ ನೋಡಲು ಮಾತ್ರ ಇಲ್ಲ!

ಅಂಕಲಗಿಯ ಅವನ ಹಿತ್ತಲಲ್ಲಿ ಒಂದು ಚಕ್ಕೋತದ ಗಿಡವಿದೆ. ಹಣ್ಣು ಕೊಡಪಾನದಷ್ಟು ದಪ್ಪ, ತೊಳೆ ನೋಡಲು ಚೆಂದ. ಬಾಯಿಗಿಟ್ಟರೆ ಬೇವೇ ವಾಸಿ. ಅರಭಾವಿಯಲ್ಲಿ ತೋಟಗಾರಿಕೆ ಓದಿಬಂದ ನೆರೆಮನೆಯವನು, ಇದನ್ನು ಕಡಿದು ಕಸಿ ಗಿಡ ಹಚ್ಚಿರಿ ಎಂದ.

“ಗಿಡ ಬರೊಬ್ಬರಿ ಐತಿ. ನಿನ್ನ ನಾಲಿಗಿ ಕಸಿ ಮಾಡಿಸ್ಕೊ ಹೋಗು” ಎಂದ ಕಾಕಾ.

ಕಡಿಯುವುದಾದರೂ ಹೇಗೆ? ಅದು ಅವನ ಒಬ್ಬಳೇ ಮಗಳು ಚಿಕ್ಕವಳಿದ್ದಾಗ ಬೀಜ ಊರಿ ಬೆಳೆಸಿದ ಗಿಡ. ಜಾತಿ ಎಂಬುದೇ ಇಲ್ಲ ಎಂದು ಕಟ್ಟೆಯ ಮೇಲೆ ಕೂತು ಭಾಷಣ ಬಿಗಿಯುತ್ತಿದ್ದ ಈ ಮಹಾಶಯ, ಅವಳು ಬೇರೆ ಜಾತಿಯವನನ್ನು ಮದುವೆಯಾದ ದಿನ ಒಳಗಿನಿಂದ ಚಿಲಕ ಹಾಕಿಕೊಂಡ. ಕಾಕಿ ತೀರಿಹೋಗಿದ್ದಳು. ಮಗಳಿಗೆ ತವರಿನ ಉಡಿ ತುಂಬುವವರೇ ಇರಲಿಲ್ಲ. ನನಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಈಗ ಅವಳು ಇರುವುದು ನಿಡಸೋಸಿಯಲ್ಲಿ, ಅದು ನಾನು ನೌಕರಿ ಮಾಡುವ ಊರು. ಹಣ್ಣು ಬಿಟ್ಟಾಗಲೆಲ್ಲ ಕಾಕಾ ಒಂದನ್ನು ನನ್ನ ಚೀಲಕ್ಕೆ ತುರುಕುತ್ತಾನೆ. ಉಡಿಯ ತೆಂಗಿನಕಾಯಿ ಬದಲಿಗೆ ಚಕ್ಕೋತ, ಅದೂ ಬಸ್ಸಿನಲ್ಲಿ! ತೊಡೆಯ ಮೇಲಿನ ಹಣ್ಣು ನೋಡಿ ಕಂಡಕ್ಟರ್ ಒಮ್ಮೆ, “ಇದಕ್ಕೂ ಅರ್ಧ ಟಿಕೀಟ ತಗೋರಿ” ಎಂದಿದ್ದ.

ಅವಳು ಮುಟ್ಟುತ್ತಿರಲಿಲ್ಲ. “ವಾಪಸ್ ಒಯ್ಯಣ್ಣಾ. ಹಣ್ಣ ಬರ್ತಾವು, ಅಪ್ಪ ಬರಂಗಿಲ್ಲ.”

ಮರಳಿ ಬಂದ ಹಣ್ಣನ್ನು ಕಾಕಾ ಒಬ್ಬನೇ ಕೂತು ತಿನ್ನುತ್ತಿದ್ದ. ಮುಖ ಕಿವುಚದೆ, ಒಂದು ತೊಳೆಯನ್ನೂ ಬಿಡದೆ ತಿನ್ನುತ್ತಿದ್ದ. ಕೇಳಿದರೆ, “ಸಕ್ಕರಿ ಹಂಗ ಐತಿ” ಎನ್ನುತ್ತಿದ್ದ.

ಈ ಸಲ ಅವಳು ಹಣ್ಣನ್ನು ಕೈಗೆ ತೆಗೆದುಕೊಂಡಳು. “ಬಸುರಿ ಅದೀನಿ ಅಣ್ಣಾ. ಹುಳಿ ತಿನ್ನಬೇಕು ಅನಸಾಕತ್ತೈತಿ” ಎಂದು ನನ್ನೆದುರೇ ಸುಲಿದು ಒಂದು ತೊಳೆ ಬಾಯಿಗಿಟ್ಟಳು. ಕಣ್ಣಲ್ಲಿ ನೀರು ಬಂತು. “ಭಾಳ ಕಹಿ ಐತಿ. ಅಪ್ಪಗ ಹೇಳು.”

ಅಂಕಲಗಿಗೆ ಬಂದು ಎಲ್ಲವನ್ನೂ ಹೇಳಿದೆ. ಈಗ ಬೈಗುಳ ಬರುತ್ತದೆ ಎಂದು ಕಾದೆ.

ಕಾಕಾ ಕೂತಲ್ಲಿಂದಲೇ ಗಿಡದ ಕಡೆ ತಿರುಗಿದ. “ಖರೆ ಐತಿ” ಎಂದ. “ಮೊದಲಿಂದಲೂ ಕಹಿನ ಐತಿ.”

ಎದ್ದು ಗೂಟದ ಮೇಲಿನ ಟೊಪ್ಪಿಗೆ ತೆಗೆದ. ನಾನು ಅಭ್ಯಾಸಬಲದಿಂದ ಚೀಲ ಬಿಚ್ಚಿ ಹಿಡಿದೆ.

“ಹಣ್ಣ ಬ್ಯಾಡ” ಎಂದ. “ನಿಡಸೋಸಿ ಬಸ್ ಎಷ್ಟ ಗಂಟೆಕ್ಕೈತಿ ಹೇಳು. ನಾನ ಹೋಗ್ತೀನಿ.”